ಪ್ರಶಸ್ತಿಯ ಗುಮ್ಮಟಗಳು

"ಏಯ್ ದುರುಗಿ, ಆ ಹೊಲಸು ಸೀರಿ ಜೋಳಿಗಿ ಬಿಚ್ಚಲೇ! ಪ್ರಶಸ್ತಿ ಕೊಡೋರು ಬರಾಕತ್ಯಾರ, ಬೇವಿನ ಗಿಡಕ್ಕ ಕೂಸು ಜೋತುಬಿಟ್ಟೀರಲ್ಲ, ಮುಂಡೇವ!"

ಬೈದವನು ಆರ್ಕಿಟೆಕ್ಟ್ ಅರುಣಕುಮಾರ್. ಹಡಗಲಿಯವನೇ, ಈಗ ಬೆಂಗಳೂರಿನಲ್ಲಿ ದೊಡ್ಡ ಹೆಸರು. ತೊಂಬತ್ತೆಂಟರಲ್ಲಿ ಇಟ್ಟಿಗಿ ಊರಿನ ನಮ್ಮ ಕೇರಿಯ ಮೇಲೆ ಅವನಿಗೆ ಕರುಣೆ ಉಕ್ಕಿತು. ಉಕ್ಕಿದ ರಭಸಕ್ಕೆ ನಮ್ಮ ಮಾಳಿಗೆ ಮನೆಗಳು ನೆಲ ಕಂಡು, ಸಿಮೆಂಟಿನ ಗುಮ್ಮಟಗಳೆದ್ದವು. ಮರಳು ಹೊತ್ತವರು ನಾವೇ, ಕೂಲಿಯಿಲ್ಲದೆ. ಅದಕ್ಕೆ ಅವನಿಟ್ಟ ಹೆಸರು ಶ್ರಮದಾನ. ಪುಣ್ಯವೆಲ್ಲ ನಮಗೆ, ಫೋಟೋ ಮಾತ್ರ ಅವನಿಗೆ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದೆವು, ಬೇಸಿಗೆಯಲ್ಲಿ ಮಲಗುತ್ತಿದ್ದೆವು. ಗುಮ್ಮಟದ ಮೇಲೆ ಕಾಗೆಯೂ ಜಾರುತ್ತಿತ್ತು. ಕಿಟಕಿಯಿಟ್ಟರೆ ಅಂದಗೆಡುತ್ತದೆಂದು ಅಂಗೈಯಗಲದ ಬಣ್ಣದ ಗಾಜು ಕೂರಿಸಿದ್ದ. ಬಿಸಿಲೇರಿದರೆ ಒಳಗೆ ಕಾದ ಹಂಚು. ಅದಕ್ಕೇ ದುರುಗಮ್ಮನ ಸೊಸೆ ಶಿವಗಂಗಾ, ಹಸಿ ಬಾಣಂತಿ, ಬೇವಿನ ಕೆಳಗಿದ್ದಳು.

"ಒಳಗ ಕೂಸಿನ ಮೈ ಕೆಂಡ ಆಗತೈತ್ರಿ ಸಾಹೇಬ್ರ. ನಿನ್ನಿ ಉಸುರ ಸಿಕ್ಕೊಂಡಿತ್ರಿ."

"ಬಾಣಂತೀನ ಬೆಚ್ಚಗ ಇಡ್ತೀರಲ್ಲ ನೀವು? ಕಟ್ಟಿಗಿ ಖರ್ಚಿಲ್ದ ಇಟ್ಟೀನಿ. ಕೈ ಮುಗೀರಿ!"

ತಾನು ಮುಟ್ಟುವಂತಿಲ್ಲವೆಂದು ತನ್ನ ಡ್ರೈವರನಿಗೆ ಕಣ್ಸನ್ನೆ ಮಾಡಿದ. ಜೋಳಿಗೆ ಬಿಚ್ಚಿತು. ತಾಯಿ, ಕೂಸು ಒಳಗೆ, ಬಾಗಿಲು ಮುಂದಕ್ಕೆ.

"ಅವರು ಕೇಳಿದ್ರ ಏನಂತೀಯ?"

"ಸುಖದಾಗ ಅದೀವಿ ಅಂತೀನ್ರಿ," ಎಂದಳು ದುರುಗಮ್ಮ, ಬಾಗಿಲನ್ನೇ ನೋಡುತ್ತ.

ಪ್ರಶಸ್ತಿಯವರ ಕಾರು ತಡವಾಗಿ ಬಂತು. ಇಳಿದ ಹಿರಿಯ ಮಹಿಳೆ ಗುಮ್ಮಟ ಸವರಿ, "ಅದ್ಭುತ! ಒಳಗೆ ತಂಪಾಗಿರುತ್ತೇನಮ್ಮ?" ಎಂದರು.

ದುರುಗಮ್ಮ ಬಾಗಿಲು ತಳ್ಳಿದಳು. ಶಿವಗಂಗಾ ತೂರಾಡುತ್ತ ಹೊರಬಂದಳು. ಕೂಸಿನ ಕತ್ತು ವಾಲಿತ್ತು. ಬಾಯಿ ತೆರೆದಿದ್ದರೂ ಅಳುವಿರಲಿಲ್ಲ.

"ಹಾಲು ಕುಡಿದು ಮಲಗಿದೆ ಮೇಡಂ," ಅರುಣಕುಮಾರ್ ನಗುತ್ತ ಒಳಗೆ ಕಾಲಿಟ್ಟ. "ಬನ್ನಿ, ಎಷ್ಟು ಹಿತವಾಗಿದೆ ನೋಡಿ."

ಆಕೆ ಹೋಗಲಿಲ್ಲ. "ಕೂಸನ್ನ ಕಾರಿಗೆ ಹತ್ತಿಸಿ, ಆಸ್ಪತ್ರೆಗೆ! ಪ್ರಶಸ್ತಿ ಮಾತು ಇಲ್ಲಿಗೆ ಮುಗೀತು," ಎಂದರು. ಆಕೆ, ತಾಯಿ, ಕೂಸು ಕೂತ ಕಾರು ಹಡಗಲಿಯ ಕಡೆ ಧೂಳೆಬ್ಬಿಸಿತು.

ಅರುಣಕುಮಾರ್ ಒಳಗಿಂದ ಹೊರಬರುವಷ್ಟರಲ್ಲಿ ದುರುಗಮ್ಮ ಬಾಗಿಲೆಳೆದು ಚಿಲಕ ಹಾಕಿದಳು. ಬೆನ್ನು ಕೊಟ್ಟು ಕೂತಳು.

"ತೆಗೀಲೇ ಬೋಸುಡಿ! ಕೇರಿ ಸುಡಿಸ್ತೀನಿ!"

"ಹಿತ ಐತಿ ಅಂದ್ರಲ್ರಿ ಸಾಹೇಬ್ರ. ಕೂಸು ಬರೋಮಟ ಕುಂದರ್ರಿ."

ಅವನ ಡ್ರೈವರ್ ಅತ್ತ ತಿರುಗಿ ಬೀಡಿ ಹಚ್ಚಿದ. ನಾವೂ ಒಬ್ಬೊಬ್ಬರಾಗಿ ಹೋಗಿ ದುರುಗಮ್ಮನ ಪಕ್ಕ ಕೂತೆವು. ಒಳಗೆ ಗುದ್ದು ನಿಂತು ಅಂಗಲಾಚುವುದು ಶುರುವಾಯಿತು.

ಬಿಸಿಲಿನ್ನೂ ನೆತ್ತಿಗೇರಿರಲಿಲ್ಲ.