ಜಟ್ಟಿಂಗಪ್ಪ ಕೆತ್ತಿದ ಪಂಖ

ಮೇಳಿಗೆಯ ಜಮೀನುದಾರ ಮುಕುಂದಯ್ಯನವರಿಗೆ ನಾನು ಹೇಳಿದ ಸುಳ್ಳು ಒಂದೇ ಒಂದು. ಉಳಿದದ್ದೆಲ್ಲ ಸ್ವಲ್ಪ ಉದ್ದ ಮಾಡಿದ ಸತ್ಯ. ವಾಯುಪಡೆಯಲ್ಲಿ ನಾನು ಮೂರು ವರ್ಷ ಇದ್ದದ್ದು ನಿಜ. ಅಲ್ಲಿ ನಾನು ವಿಮಾನದ ರೆಕ್ಕೆಗಳಿಗೆ ಹೊಲಿದ ಬಟ್ಟೆ ಹಾಸಿದ್ದರೆ ಹೊಸನಗರದಿಂದ ತೀರ್ಥಹಳ್ಳಿಯವರೆಗೆ ರಸ್ತೆಯೇ ಕಾಣುತ್ತಿರಲಿಲ್ಲ, ಅದೂ ನಿಜ. ವಿಮಾನ ಹಾರಿಸುತ್ತಿದ್ದೆ ಎಂದದ್ದು ಮಾತ್ರ ಸುಳ್ಳು. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬಾಳಿದರೆ ಸಾಕು ಎಂದುಕೊಂಡು ಹೇಳಿದ್ದೆ.

ಅರವತ್ಮೂರನೆಯ ಇಸವಿಯಲ್ಲಿ ಮುಕುಂದಯ್ಯನವರ ಕೈಗೆ ಎಲ್ಲಿಂದಲೋ ಒಂದು ವಿದೇಶಿ ಪತ್ರಿಕೆ ಬಂತು. ಫ್ರಾನ್ಸಿನಲ್ಲಿ ಮೂವತ್ತು ವರ್ಷದ ಹಿಂದೆಯೇ ಜನ ಮನೆಯಂಗಳದಲ್ಲಿ ವಿಮಾನ ಕಟ್ಟಿ, ಮೋಟರ್ ಸೈಕಲ್ಲಿನ ಎಂಜಿನ್ನು ಕೂರಿಸಿ ಹಾರಿದ್ದರಂತೆ. ಅಮೆರಿಕದಲ್ಲಿ ಫೋರ್ಡ್ ಕಾರಿನ ಎಂಜಿನ್ನಿನಲ್ಲೇ ಹಾರಿದ್ದರಂತೆ. ಈಗಂತೂ ಅಲ್ಲಿ ತುಂಡುಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ, ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳುತ್ತಾರೆ.

"ಅವ್ರು ಕಟ್ತಾರೆ ಅಂದ್ಮೇಲೆ ನಮಗೆಂತ ಧಾಡಿ?" ಎಂದರು ಮುಕುಂದಯ್ಯ. "ಗದ್ದೆ ನಂದು, ಮರ ನಂದು. ಹಾರ್ಸಕ್ಕೆ ನೀ ಇದೀಯಲ್ಲ, ಮಾಸ್ತಪ್ಪ."

ಅಂದಿನಿಂದ ನಾನು ತಪ್ಪಿಸಿಕೊಳ್ಳಲು ಹೂಡಿದ ಉಪಾಯ ಸಾವಿರದೆಂಟು. ಎಂಜಿನ್ನು ಸಿಗುವುದಿಲ್ಲ ಎಂದೆ. ಹೊಸನಗರದಲ್ಲಿ ಕೆಟ್ಟು ನಿಂತಿದ್ದ ಫೋರ್ಡ್ ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆಸಿ ತಂದರು. ಸರ್ಕಾರದ ಪರವಾನಗಿ ಬೇಕು ಎಂದೆ. "ಗದ್ದೆ ನಂದಾದ್ರೆ ಅದ್ರ ಮೇಲಿನ ಗಾಳಿನೂ ನಂದೇ" ಎಂದರು. ರೆಕ್ಕೆಯ ಬಟ್ಟೆಯನ್ನಾದರೂ ಕೆಡಿಸೋಣವೆಂದರೆ ಕೈ ಕೇಳಲಿಲ್ಲ. ಇಂದ್ರನ ವಿಮಾನಕ್ಕೂ ಅಂಥ ಹೊಲಿಗೆ ಬಿದ್ದಿರಲಾರದು. ನನ್ನ ಗೋರಿಯನ್ನು ನಾನೇ ಹೊಲಿದೆ.

ಉಳಿದದ್ದು ಮೂತಿಯಲ್ಲಿ ತಿರುಗಿ ವಿಮಾನವನ್ನು ಎಳೆಯುವ ಪಂಖ. ಅದನ್ನು ಸಾಗರದ ಗುಡಿಗಾರ ಜಟ್ಟಿಂಗಪ್ಪನಿಗೆ ವಹಿಸಿದೆವು. ಅವನ ಉಳಿ ತಾಗದ ದೇವರ ಬಾಗಿಲು ಮೂರು ತಾಲೂಕಿನಲ್ಲಿ ಇರಲಿಲ್ಲ. ನಾನು ಕಾಗದದ ಮೇಲೆ ಅರ್ಧ ಪಂಖ ಬರೆದುಕೊಟ್ಟು, "ಇನ್ನೊಂದು ಪಕ್ಕನೂ ಹೀಗೇ" ಎಂದಿದ್ದೆ.

ಎರಡು ತಿಂಗಳ ಮೇಲೆ ಶಿವನೆ ಮರದ ಪಂಖ ಬಂತು. ಮುಖ ನೋಡಿಕೊಳ್ಳುವಷ್ಟು ನುಣುಪು. ನೋಡಿದ ಕೂಡಲೇ ನನಗೆ ತಿಳಿಯಿತು. ಬಾಗಿಲವಾಡದ ಎರಡು ಪಕ್ಕದಲ್ಲಿ ಎದುರುಬದುರು ಗಿಳಿ ಕೆತ್ತುವಾಗ ಗುಡಿಗಾರರು ಒಂದು ಗಿಳಿ ಬರೆದು, ಕಾಗದ ಮಗುಚಿ ಇನ್ನೊಂದನ್ನು ಮೂಡಿಸುತ್ತಾರೆ. ಜಟ್ಟಿಂಗಪ್ಪ ಪಂಖಕ್ಕೂ ಹಾಗೇ ಮಾಡಿದ್ದ. ಕಾಗದವನ್ನು ಅರ್ಧ ಸುತ್ತು ತಿರುಗಿಸಬೇಕಿತ್ತು, ಮಗುಚಬಾರದಿತ್ತು. ಈಗ ಒಂದು ಅಲಗು ಗಾಳಿಯನ್ನು ಹಿಂದಕ್ಕೆ ತಳ್ಳಿದರೆ ಇನ್ನೊಂದು ಮುಂದಕ್ಕೆ ತಳ್ಳುತ್ತಿತ್ತು. ಈ ವಿಮಾನ ಪ್ರಳಯವಾದರೂ ಒಂದಂಗುಲ ಕದಲುವಂತಿರಲಿಲ್ಲ.

ನಾನು ಜಟ್ಟಿಂಗಪ್ಪನನ್ನು ಅಪ್ಪಿಕೊಂಡೆ. ಬದುಕಿದೆ!

ಹಾರಿಸುವ ದಿನ ಕೊಯ್ಲಾದ ಗದ್ದೆಯಲ್ಲಿ ಜನ ಹತ್ತು ಸಾವಿರ, ಕಡಿಮೆಯೇ ಹೇಳುತ್ತಿದ್ದೇನೆ. ನಾನು ಮಹಾರಾಜನಂತೆ ಕೂತೆ. ಎಂಜಿನ್ನು ಗರ್ಜಿಸಿತು. ವಿಮಾನ ಜ್ವರ ಬಂದವರಂತೆ ನಡುಗಿತು, ನನ್ನ ಹಲ್ಲುಗಳು ಜಾಗ ಬದಲಾಯಿಸಿದವು, ಗಾಲಿ ಮಾತ್ರ ಕದಲಲಿಲ್ಲ.

"ಇದೆಂತದಾ, ನಿಂತಲ್ಲೇ ಮೈಮೇಲೆ ಬಂದಂಗೆ ಕುಣೀತದೆ!" ಎಂದರು ಮುಕುಂದಯ್ಯನವರ ತಾಯಿ ತುಂಗಮ್ಮ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಜಟ್ಟಿಂಗಪ್ಪ ನಗಲಿಲ್ಲ. ಎಂಜಿನ್ನು ನಿಂತ ಮೇಲೆ ಹತ್ತಿರ ಬಂದು ಎರಡು ಅಲಗುಗಳನ್ನೂ ಅಂಗೈಯಿಂದ ಸವರಿದ.

"ತಪ್ಪು ನಂದು, ಒಡೆಯಾ. ಹದಿನೈದು ದಿನ ಕೊಡಿ."

"ದೇವ್ರಿಗೆ ಬಾಗ್ಲು ಮಾಡ್ಕೊಂಡಿರು ಹೋಗು, ಗುಡಿಗಾರ!" ಎಂದು ಯಾರೋ ಕೂಗಿದರು. ಅರ್ಧವೇ ಬರೆದುಕೊಟ್ಟವನು ನಾನು. ನಾನು ಬಾಯಿ ಬಿಡಲಿಲ್ಲ.

ಹದಿನೈದು ದಿನವೂ ಅವನು ಮುಕುಂದಯ್ಯನವರ ಕೊಟ್ಟಿಗೆಯ ಮಗ್ಗುಲಲ್ಲೇ ಕೂತು ಕೆತ್ತಿದ. ಆ ಉಳಿಯ ಒಂದೊಂದು ಪೆಟ್ಟೂ ನನ್ನ ಬೆನ್ನುಮೂಳೆಗೇ ಬೀಳುತ್ತಿತ್ತು. ಹದಿನಾಲ್ಕನೆಯ ದಿನ ಮುಕುಂದಯ್ಯನವರ ಕಾಲು ಹಿಡಿದೆ.

"ಒಡೆಯಾ, ನಂಗೆ ಹಾರ್ಸಕ್ಕೆ ಬರಲ್ಲ. ನಾ ಬರೇ ದರ್ಜಿ."

ಅವರು ಹೊಟ್ಟೆ ಹಿಡಿದು ನಕ್ಕರು. "ಅವ್ವಾ, ಕೇಳ್ದ್ಯಾ! ಇಷ್ಟು ದಿನ ಮೋಡದ ಮೇಲೆ ಮಲಗ್ತಿದ್ದೆ ಅಂತಿದ್ದವ ಈಗ ದರ್ಜಿಯಂತೆ! ಎಷ್ಟು ವಿನಯ ನೋಡು!"

ಜೀವಮಾನದಲ್ಲಿ ನಾನು ಅಲಂಕಾರವಿಲ್ಲದೆ ಆಡಿದ ಒಂದೇ ಮಾತನ್ನು ಯಾರೂ ನಂಬಲಿಲ್ಲ.

ಮರುದಿನ ಮತ್ತೆ ಅದೇ ಕುರ್ಚಿ, ಅದೇ ಜನ. ಪಂಖದ ಬೋಲ್ಟು ಬಿಗಿದು ಮುಗಿಸಿದ ಜಟ್ಟಿಂಗಪ್ಪ ನನ್ನ ಬಳಿ ಬಗ್ಗಿದ.

"ಅವತ್ತು ಅಪ್ಕೊಂಡಾಗ್ಲೇ ನಿಂಗೆ ಗೊತ್ತಿತ್ತು, ಅಲ್ವಾ?"

"ಹೌದು" ಎಂದೆ. "ನಂಗೆ ಹಾರ್ಸಕ್ಕೆ ಬರಲ್ಲ ಜಟ್ಟಿಂಗಪ್ಪ, ಸಾಯ್ತೀನಿ."

"ಹತ್ತು ಮಾರು ಮುಂದೆ ಹೋಗ್ಲಿ. ಅಷ್ಟು ನನ್ನ ಕೆಲಸ. ಆಮೇಲಿಂದು ನಿಂದು" ಎಂದು ಮುಂದೆ ಹೋಗಿ, ಪಂಖವನ್ನು ಕೈಯಿಂದ ತಿರುವಿ ಎಂಜಿನ್ನು ಹೊತ್ತಿಸಿ, ಪಕ್ಕಕ್ಕೆ ಹಾರಿದ.

ವಿಮಾನ ಕಟ್ಟು ಹರಿದ ಹೋರಿಯ ಹಾಗೆ ನುಗ್ಗಿತು. ಹತ್ತು ಮಾರು, ಇಪ್ಪತ್ತು ಮಾರು. ಬಾಲ ಎದ್ದಿತು. ಗದ್ದೆಯ ಅಂಚು ಓಡೋಡಿ ನನ್ನತ್ತ ಬಂತು. "ಏರ್ಸು! ಏರ್ಸು!" ಎಂದು ಊರೆಲ್ಲ ಅರಚಿತು. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಸ್ವಿಚ್ಚು ಆರಿಸಿದೆ. ಅಂಚಿಗೆ ನಾಲ್ಕು ಮೊಳ ಉಳಿದಿರುವಾಗ ವಿಮಾನ ಮಣ್ಣಿನಲ್ಲಿ ಹೂತು ನಿಂತಿತು.

ಮುಕುಂದಯ್ಯ ಏದುಸಿರು ಬಿಡುತ್ತ ಓಡಿಬಂದರು. "ಎಂತಕ್ಕಾ ನಿಲ್ಸಿದ್ದು?"

"ಪಂಖ ಸರಿಯಾಗೇ ಎಳೀತು. ಅವತ್ತು ಅರ್ಧ ಬರ್ದು ಅವ್ನ ಕೆಲಸ ಕೆಡಿಸಿದ್ದು ನಾನು. ಹಾರ್ಸಕ್ಕೆ ಬರದವ್ನೂ ನಾನೇ."

ಈ ಸಲ ಯಾರೂ ನಗಲಿಲ್ಲ. ಜಟ್ಟಿಂಗಪ್ಪ ಅಲಗಿಗೆ ಮೆತ್ತಿದ ಮಣ್ಣನ್ನು ಪಂಚೆಯ ತುದಿಯಿಂದ ಒರೆಸುತ್ತಿದ್ದ. ಮುಕುಂದಯ್ಯ ಮಾತ್ರ ರೆಕ್ಕೆಯ ಉದ್ದಕ್ಕೂ ಕಣ್ಣು ಹಾಯಿಸಿ, ಅಂಗಿಯ ತೋಳು ಮಡಚಿದರು.

"ಸರಿ, ಇಳಿ. ನಾ ಕೂರ್ತೀನಿ."

ಆ ದನಿ ನನಗೆ ಗೊತ್ತಿತ್ತು. ಅವರು ಒಮ್ಮೆ ಕೂತರೆ ಅಂಚು ಎದುರಿಗೆ ಬಂದರೂ ಸ್ವಿಚ್ಚು ಆರಿಸುವವರಲ್ಲ. ಹಿಂದೆ ತುಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಇಳಿಯಲ್ಲ" ಎಂದೆ.

"ಇಳಿಯಾ!"

"ಇಳಿಯಲ್ಲ ಒಡೆಯಾ. ಹೊಡೀರಿ, ಬಡೀರಿ, ಇಲ್ಲಿಂದ ಏಳಲ್ಲ."

ಒಂದು ವರ್ಷ ಯಾವ ಕುರ್ಚಿಯಿಂದ ಓಡಿಹೋಗಲು ದಾರಿ ಹುಡುಕಿದ್ದೆನೋ ಅದನ್ನು ಎರಡು ಕೈಯಲ್ಲೂ ಹಿಡಿದು ಕೂತೆ. ಮೂರು ಹಗಲು ಮೂರು ರಾತ್ರಿ ಕೂತಿದ್ದೆ ಎಂದು ಸಾಗರದಲ್ಲಿ ಹೇಳುತ್ತೇನೆ. ಕೂತದ್ದು ಸಂಜೆಯವರೆಗೆ. ಮುಕುಂದಯ್ಯ ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹೊತ್ತು ಮುಳುಗುವಾಗ ಎದ್ದು, ಪಂಚೆ ಕೊಡವಿ, ತಾಯಿಯ ಹಿಂದೆ ಮನೆ ಕಡೆ ನಡೆದರು.