ಸೊಸೆ ಕೂತರೆ ನಿಲ್ಲುವ ಕಾರು

ಮಾವನವರ ಕಾರಿಗೆ ಮನೆಯಲ್ಲಿ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ವಯಸ್ಸಿನಲ್ಲಿ ಅದು ಮಾವನಿಗಿಂತ ತುಸುವೇ ಚಿಕ್ಕದು. ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದಂಥ ಸದ್ದು. ಮನಸ್ಸು ಬಂದರೆ ಒಂದೇ ಸಲಕ್ಕೆ ಹೊರಡುತ್ತಿದ್ದಳು, ಬಾರದಿದ್ದರೆ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಈ ಮುನಿಸು ಶುರುವಾದದ್ದೇ ಸೊಸೆ ಬಂದ ಮೇಲೆ. ಮದುವೆಯ ದಿನ ಹೊಸ ಹುಡುಗಿಯನ್ನು ಕೂರಿಸಿಕೊಂಡು ಬರುವಾಗ, ಇನ್ನೇನು ಮನೆ ಸಿಕ್ಕಿತು ಅನ್ನುವ ತಿರುವಿನಲ್ಲಿ ದೊಡ್ಡಮ್ಮ ನಿಂತೇಬಿಟ್ಟಳು. ಆಗ ಅತ್ತೆ ನಗುತ್ತಲೇ ಒಂದು ಮಾತು ಅಂದರು: "ನೋಡ್ರಪ್ಪ, ಹುಡುಗಿ ಕಾಲ್ಗುಣ."

ನಗುತ್ತ ಅಂದ ಮಾತು ನಗುವಿನ ಜೊತೆಗೇ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಅದು ಹೋಗಲಿಲ್ಲ. ಕಾರು ಎಲ್ಲಿ ನಿಂತರೂ ಅತ್ತೆ ಮುಂದಿನ ಸೀಟಿನಿಂದ ಕತ್ತು ತಿರುಗಿಸಿ ಒಮ್ಮೆ ಹಿಂದೆ ನೋಡುತ್ತಿದ್ದರು. ಬಾಯಿ ಬಿಟ್ಟು ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಸೊಸೆ ಏನಾದರೂ ಉತ್ತರ ಕೊಡಬಹುದಿತ್ತು, ಬರೀ ನೋಟಕ್ಕೆ ಯಾರು ತಾನೇ ಉತ್ತರ ಕೊಡುತ್ತಾರೆ?

ಮಾವ ಮುದ್ರಣಾಲಯದಲ್ಲಿ ಯಂತ್ರ ಓಡಿಸಿ ನಿವೃತ್ತರಾದವರು. ಇನ್ನೊಬ್ಬರು ದೊಡ್ಡಮ್ಮನ ಮೈಮುಟ್ಟುವುದು ಅವರಿಗೆ ಸೇರದು. ಪ್ಲಗ್ಗು ಬದಲಾಯಿಸಿದರು, ಹೊಸ ಬ್ಯಾಟರಿ ಹಾಕಿದರು, ಸೆಲ್ಫ್ ಮೋಟರು ಬಿಚ್ಚಿ ಒರೆಸಿ ಕೂರಿಸಿದರು. ರಿಪೇರಿ ಮುಗಿಸಿ ಕೀಲಿ ತಿರುಗಿಸಿದಾಗಲೆಲ್ಲ ಕಾರು ಸಲೀಸಾಗಿ ಹೊರಡುತ್ತಿತ್ತು. ಅವರದೊಂದು ಕಟ್ಟಳೆ ಬೇರೆ ಇತ್ತು. ಕಾರು ಕೈಕೊಟ್ಟ ಕೂಡಲೇ, "ಎಲ್ಲಾ ಇಳೀರಿ ಇಳೀರಿ, ವಯಸ್ಸಾದವಳ ಮೇಲೆ ಭಾರ ಹಾಕಬೇಡಿ," ಅನ್ನುವರು. ಎಲ್ಲರೂ ಇಳಿದ ಮೇಲೆಯೇ ಪರೀಕ್ಷೆ.

ಆ ದಿನ ಸೊಸೆಯ ತಾಯಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. "ಒಳಗೆ ಹೋಗೋ ಮುಂಚೆ ಒಂದ್ಸಲ ನಿನ್ನ ಮುಖ ನೋಡ್ಬೇಕು ಕಣೇ," ಎಂದು ತಾಯಿ ಫೋನಿನಲ್ಲಿ ಹೇಳಿದ್ದಳು. ಜನ್ಮದಲ್ಲಿ ಏನನ್ನೂ ಕೇಳದವಳು ಇದೊಂದನ್ನು ಕೇಳಿದ್ದಳು. ಗಂಡ ರಕ್ತ ಕೊಡಲೆಂದು ಹಿಂದಿನ ದಿನವೇ ಹೋಗಿದ್ದ. ಉಳಿದ ಮೂವರು ಬೆಳಿಗ್ಗೆ ದೊಡ್ಡಮ್ಮನನ್ನು ಹತ್ತಿದರು. ಅತ್ತೆ ಮುಂದೆ, ಸೊಸೆ ಎಂದಿನಂತೆ ಹಿಂದೆ, ಮಾವನ ಬೆನ್ನಿಗೆ.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಮಾವ ವೇಗ ಇಳಿಸುತ್ತಿದ್ದಂತೆ ದೊಡ್ಡಮ್ಮ ಒಮ್ಮೆ ನಡುಗಿ ತಣ್ಣಗಾದಳು. ರೈಲು ಹೋಯಿತು, ಗೇಟು ಎದ್ದಿತು. ಮಾವ ಕೀಲಿ ತಿರುಗಿಸಿದರೆ ಟಿಕ್ ಅನ್ನುವ ಸದ್ದೂ ಇಲ್ಲ.

ಅದೇ ಹೊತ್ತಿಗೆ ಗಂಡನ ಫೋನು ಬಂತು. "ಡಾಕ್ಟ್ರು ಬೇಗ ಬಂದುಬಿಟ್ಟಿದ್ದಾರೆ. ಇನ್ನೊಂದು ಗಂಟೇಲಿ ಅಮ್ಮನ್ನ ಒಳಗೆ ಕರ್ಕೊಂಡ್ ಹೋಗ್ತಾರಂತೆ. ಎಲ್ಲಿದ್ದೀರಾ?"

ಹಿಂದಿನ ಗಾಡಿಗಳು ಕಿವಿ ಹರಿಯುವಂತೆ ಹಾರನ್ ಹೊಡೆಯುತ್ತಿದ್ದವು. ಮಾವ ಎಂದಿನಂತೆ ಎಲ್ಲರನ್ನೂ ಇಳಿಸಿದರು. ಕೀಲಿ ತಿರುಗಿಸಿದರು. ಶುರುವಾಯಿತು. ಸೊಸೆ ಓಡಿ ಬಂದು ಹತ್ತಿ ಕೂತಳು, ಹಳಿ ದಾಟುವಷ್ಟರಲ್ಲಿ ಮತ್ತೆ ನಿಂತಿತು. ಮೂವರೂ ಸೇರಿ ಪಕ್ಕಕ್ಕೆ ತಳ್ಳಿದರು. ಮತ್ತೆ ಶುರುವಾಯಿತು. ಹತ್ತಿದಳು, ನಿಂತಿತು. ಹಾದುಹೋಗುವ ಗಾಡಿಗಳಿಗೆ ಕೈ ಅಡ್ಡ ಹಾಕಿದಳು. ಗೇಟಿನಲ್ಲಿ ಕಾದು ಕಾದು ಸಿಡುಕು ಹತ್ತಿದ ಜನ, ಒಬ್ಬರೂ ನಿಲ್ಲಿಸಲಿಲ್ಲ.

"ಅವಳು ಇಳಿದ್ರೆ ಶುರುವಾಗುತ್ತೆ, ಕೂತ್ರೆ ನಿಲ್ಲುತ್ತೆ," ಅಂದರು ಅತ್ತೆ. ಈ ಸಲ ನಗಲಿಲ್ಲ. "ನಾನೇನೂ ಕೆಟ್ಟದ್ದಕ್ಕೆ ಹೇಳ್ತಿಲ್ಲ. ಕಣ್ಣಾರೆ ಕಂಡಿದ್ದು ಹೇಳ್ತಿದ್ದೀನಿ."

"ಬಾಯ್ಮುಚ್ಚೇ," ಅಂದರು ಮಾವ. ಆದರೆ ಅವರೂ ಸೊಸೆಯ ಮುಖ ನೋಡಲಿಲ್ಲ.

ಸೊಸೆ ಫೋನಿನಲ್ಲಿ ಹೊತ್ತು ನೋಡಿದಳು. ಅಮ್ಮ ಅಲ್ಲಿ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿರುತ್ತಾಳೆ, ತಾನಿಲ್ಲಿ ರಸ್ತೆ ಬದಿಯಲ್ಲಿ ಅಪರಾಧಿಯಂತೆ ನಿಂತಿರಬೇಕಾಗಿದೆ. ಇವರು ಹೇಳುವುದೇ ನಿಜವಿದ್ದರೆ? ತನ್ನ ಕಾಲ್ಗುಣ ಅಮ್ಮನ ಆಪರೇಷನ್ನಿಗೂ ತಟ್ಟಿದರೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ತಲೆ ಓಡತೊಡಗಿತು.

ಅವಳು ಕೆಲಸ ಮಾಡುತ್ತಿದ್ದದ್ದು ಇಸ್ತ್ರಿಪೆಟ್ಟಿಗೆಯ ಕಂಪನಿಯಲ್ಲಿ. ಗಿರಾಕಿಗಳು ಹಿಂದಿರುಗಿಸಿದ ಪೆಟ್ಟಿಗೆಗಳು ಅವಳ ಮೇಜಿಗೆ ಬರುತ್ತಿದ್ದವು. 'ಒಮ್ಮೊಮ್ಮೆ ಕಾಯುವುದಿಲ್ಲ' ಅನ್ನುವ ದೂರಿನಷ್ಟು ತಲೆನೋವು ಇನ್ನೊಂದಿಲ್ಲ. ಮೇಜಿನ ಮೇಲಿಟ್ಟರೆ ಚೆನ್ನಾಗಿ ಕಾಯುತ್ತವೆ. ಅಂಥದ್ದನ್ನು ಕೈಗೆತ್ತಿಕೊಂಡು ಗಿರಾಕಿಯಂತೆಯೇ ಒತ್ತಿ, ಎಳೆದು, ವೈರು ಬಾಗಿಸಿ ನೋಡಬೇಕು. ಎಲ್ಲರನ್ನೂ ಇಳಿಸಿ ಪರೀಕ್ಷೆ ಮಾಡುವ ಮಾವ ದೊಡ್ಡಮ್ಮನನ್ನು ಇಷ್ಟು ದಿನ ಮೇಜಿನ ಮೇಲಿಟ್ಟೇ ನೋಡುತ್ತಿದ್ದರಲ್ಲ ಅನ್ನಿಸಿತು.

"ಅತ್ತೆ, ನೀವು ನನ್ನ ಜಾಗದಲ್ಲಿ ಕೂತ್ಕೊಳ್ಳಿ," ಅಂದಳು.

"ನಾನ್ಯಾಕೆ?"

"ಒಂದು ನಿಮಿಷ. ನಾನು ಕಾರನ್ನ ಮುಟ್ಟೋದೂ ಇಲ್ಲ, ಅಷ್ಟು ದೂರ ನಿಂತಿರ್ತೀನಿ."

ಅತ್ತೆ ಗಂಡನ ಕಡೆ ನೋಡಿದರು. ಮಾವ ಆಗಲೇ ಕೀಲಿಗೆ ಕೈ ಹಾಕಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, ಬಿಸಿನೀರಿಗೆ ಕಾಲಿಡುವವರಂತೆ ಹಿಂದಿನ ಸೀಟಿನಲ್ಲಿ ಕೂತರು. ಸೊಸೆ ಹತ್ತು ಮಾರು ದೂರ ಹೋಗಿ ನಿಂತಳು.

"ಈಗ ತಿರುಗಿಸಿ ಮಾವ."

ಸದ್ದಿಲ್ಲ. ಮಾವ ಮತ್ತೆ ತಿರುಗಿಸಿದರು, ಸದ್ದಿಲ್ಲ. "ಇಳಿಯೇ," ಅಂದರು ಹೆಂಡತಿಗೆ. ಅತ್ತೆ ಇಳಿದರು. ದೊಡ್ಡಮ್ಮ ಗುರ್ರೆಂದು ಎದ್ದಳು.

ಅತ್ತೆಯ ಮುಖ ಸಪ್ಪಗಾಗಿತ್ತು.

"ಮಾವ, ಆ ಸೀಟಿನ ಕೆಳಗೇನಿದೆ?"

"ಬ್ಯಾಟರಿ," ಅಂದವರೇ ಮಾವ ಹಣೆ ಬಡಿದುಕೊಂಡು, ಎಂಜಿನ್ ಆರಿಸಿ, ಸೀಟು ಎತ್ತಿದರು. ಮದುವೆಗೆಂದು ಹೊಸದಾಗಿ ಮಾಡಿಸಿದ ಸೀಟು. ಅದರ ಎತ್ತರದ ಸ್ಪ್ರಿಂಗು ಭಾರ ಬಿದ್ದಾಗಲೆಲ್ಲ ಬ್ಯಾಟರಿಯ ದಪ್ಪ ವೈರನ್ನು ಒತ್ತುತ್ತಿತ್ತು, ಹಳೆಯ ವೈರು ಕೊಂಡಿಯ ಬುಡದಲ್ಲಿ ಒಳಗೊಳಗೇ ಮುರಿದಿತ್ತು. ಹೊರಗಿನ ರಬ್ಬರು ಮಾತ್ರ ನೆಟ್ಟಗಿತ್ತು. ಕೂತರೆ ತುಂಡುಗಳು ಬೇರೆಯಾಗುತ್ತಿದ್ದವು, ಎದ್ದರೆ ಕೂಡಿಕೊಳ್ಳುತ್ತಿದ್ದವು. ವೇಗವಾಗಿ ಓಡುವಷ್ಟು ಹೊತ್ತು ಡೈನಮೋದ ಕರೆಂಟಿನಲ್ಲೇ ಹೇಗೋ ಸಾಗುತ್ತಿತ್ತು, ವೇಗ ಇಳಿದರೆ ನಿಲ್ಲುತ್ತಿತ್ತು. ಮದುವೆಯ ದಿನದಿಂದ ಆ ಮೂಲೆಯಲ್ಲಿ ಸೊಸೆಯ ಹೊರತು ಇನ್ಯಾರೂ ಕೂತವರಲ್ಲ. ಮಾವ ಬ್ಯಾಟರಿ ಬದಲಾಯಿಸಿದ್ದರೇ ಹೊರತು ವೈರನ್ನು ಬದಲಾಯಿಸಿರಲಿಲ್ಲ.

ಅವರು ವೈರು ಕತ್ತರಿಸಿ, ಸುಲಿದು, ಬೋಲ್ಟಿಗೆ ಸುತ್ತಿ ಬಿಗಿದರು. ಕಾಲ ಕೆಳಗಿನ ರಬ್ಬರು ಹಾಸು ಮಡಿಸಿ ನಡುವೆ ತುರುಕಿದರು. ಸೊಸೆಗೆ ಒಂದೊಂದು ಸುತ್ತೂ ಯುಗವಾಗಿ ಕಂಡಿತು. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು, ಎತ್ತಲು ಧೈರ್ಯವಾಗಲಿಲ್ಲ.

ಅತ್ತೆ ಯಾರ ಮಾತಿಗೂ ಕಾಯದೆ ಹಿಂದೆ, ಅದೇ ಮೂಲೆಯಲ್ಲಿ, ಧೊಪ್ಪನೆ ಕೂತರು. "ನೀನು ಮುಂದೆ ಕೂತ್ಕೋ. ಆಸ್ಪತ್ರೆ ಕಂಡ ತಕ್ಷಣ ಇಳಿದು ಓಡು."

ದೊಡ್ಡಮ್ಮ ಎಲ್ಲೂ ನಿಲ್ಲಲಿಲ್ಲ.

ಆಪರೇಷನ್ ಕೋಣೆಯ ಬಾಗಿಲು ತೆರೆದಿತ್ತು. ಗಂಡ ಅದಕ್ಕೆ ಬೆನ್ನು ಕೊಟ್ಟು, ನರ್ಸಿನ ಹತ್ತಿರ ಒಂದೇ ನಿಮಿಷ ಎಂದು ಅಂಗಲಾಚುತ್ತ ನಿಂತಿದ್ದ. ಸೊಸೆ ಓಡಿ ಹೋಗಿ, ಬಾಗಿಲ ಮುಂದೆ ಸ್ಟ್ರೆಚರಿನ ಮೇಲೆ ಮಲಗಿದ್ದ ತಾಯಿಯ ಕೈ ಹಿಡಿದಳು. ತಾಯಿ ಮಗಳನ್ನು ಕಣ್ತುಂಬ ನೋಡಿದಳು. ಆಮೇಲೆ ಮಗಳ ಹಿಂದೆ ಏದುಸಿರು ಬಿಡುತ್ತ ಬಂದ ಬೀಗಿತ್ತಿಯನ್ನು ಕಂಡು ಅವಳ ಮುಖದಲ್ಲಿ ಅಳುಕು ಮೂಡಿತು. ಮಗಳು ಎಂದೂ ಹೇಳಿರಲಿಲ್ಲ, ಆದರೂ ಕಾಲ್ಗುಣದ ಮಾತು ಯಾರ ಬಾಯಿಂದಲೋ ಅಲ್ಲಿಗೂ ತಲುಪಿತ್ತು.

"ತಡ ಆಯ್ತಲ್ಲ... ಕಾರು ಮತ್ತೆ ನಿಂತಿತಾ? ಇವಳು ಕೂತಿದ್ದಕ್ಕೆ..."

ಅತ್ತೆ ಬಗ್ಗಿ ಅವಳ ಇನ್ನೊಂದು ಕೈ ಹಿಡಿದುಕೊಂಡರು.

"ನಿಂತಿತ್ತು ಬೀಗ್ರೇ. ನಾನು ಕೂತಾಗ್ಲೂ ನಿಂತಿತು. ನಿಮ್ಮ ಮಗಳು ಸರಿ ಮಾಡಿದ್ಲು," ಅಂದರು. ಒಂದು ಕ್ಷಣ ತಡೆದು ಮತ್ತೆ ಅಂದರು, "ಆ ಸೀಟು ಎತ್ತರ ಇರ್ಲಿ ಅಂತ ಹಟ ಹಿಡಿದು ಮಾಡಿಸಿದ್ದು ನಾನೇ."