ಬೋಳುಕಾರಿನ ಬಲಗಾಲು

ಸಿರುಗುಪ್ಪದ ಜನ ಆ ಕಾರಿಗೆ ಇಟ್ಟ ಹೆಸರು ಬೋಳುಕಾರು. ಇಂಗ್ಲೆಂಡಿನಲ್ಲಿ ಅದನ್ನು ಮಾಡಿದವರು ಸ್ಪಿಟ್‌ಫೈರ್ ಎಂದು ಭಾರೀ ಗತ್ತಿನ ಹೆಸರಿಟ್ಟಿದ್ದರು. ಆದರೆ ತಲೆಯ ಮೇಲೆ ಸೂರಿಲ್ಲದ, ಇಬ್ಬರೇ ಕೂರುವ, ಹೊಟ್ಟೆ ನೆಲಕ್ಕೆ ತಾಗಿತೋ ಎಂಬಂತೆ ಓಡುವ ಕೆಂಪು ಕಾರಿಗೆ ನಮ್ಮ ಕಡೆಯವರು ಮತ್ತೇನು ಅಂದಾರು? "ಸಾವ್ಕಾರ್ರು ಅವಸರದಾಗ ಮ್ಯಾಲಿಂದು ಅಲ್ಲೇ ಬಿಟ್ಟು ಕೆಳಗಿಂದಷ್ಟೇ ತಂದಾರ" ಎಂದು ಭತ್ತದ ಗಾಡಿಯವರು ಆಡಿಕೊಂಡು ನಕ್ಕಿದ್ದರಂತೆ. ಅಕ್ಕಿ ಗಿರಣಿಯ ಉಮಾಪತಿ ಸಾಹುಕಾರರು ಅದನ್ನು ಕೊಂಡದ್ದು ಮದ್ರಾಸಿನಲ್ಲಿ, ದೇಶ ಬಿಟ್ಟು ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ. ನಗುವವರು ನಕ್ಕರು, ಆದರೆ ಸಂಜೆ ಅದು ಕಾಲುವೆ ದಾರಿಯಲ್ಲಿ ಗುರ್ರೆಂದು ಬಂದರೆ ನಾಟಿ ಮಾಡುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು. ಅದನ್ನು ತೊಳೆದು, ಒರೆಸಿ, ಬಿಚ್ಚಿ, ಕಟ್ಟಿ ಸಾಕಿದವನು ಗಿರಣಿಯ ಮೇಸ್ತ್ರಿ ಕರೀಮಸಾಬ್.

ಕರೀಮಸಾಬ್ ಈಗಿಲ್ಲ. ಅವನ ಮಗ ಸಲಾವುದ್ದೀನನಿಗೇ ಐವತ್ತನಾಲ್ಕಾಗಿದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನ ಗ್ಯಾರೇಜು. ಹಳೆಯ ಗಾಡಿ ಎಂದರೆ ಮೂಗು ಮುರಿಯುವ ಈ ಕಾಲದಲ್ಲೂ, ಬೇರೆಯವರು ಕೈಚೆಲ್ಲಿದ ಗಾಡಿಗಳು ಅವನ ಬಾಗಿಲಿಗೇ ಬರುತ್ತವೆ. ಹೋದ ದೀಪಾವಳಿ ಮುಗಿದ ವಾರ ಸಾಹುಕಾರರ ಮೊಮ್ಮಗಳು ಸೌಂದರ್ಯ ಫೋನು ಮಾಡಿದಳು. ಗಿರಣಿಯನ್ನು ಈಗ ನಡೆಸುವವಳು ಅವಳೇ.

"ಅಣ್ಣಾ, ತಾತಗ ಎಂಬತ್ಮೂರು ಆತು. ಬೋಳುಕಾರು ಒಮ್ಮಿ ಓಡೋದು ನೋಡಬೇಕು ಅಂತಾರ. ಅದು ನಿಂತು ಮೂವತ್ತೆಂಟು ವರ್ಷ ಆತು. ಆಗ್ತತೇನ್ರಿ?"

"ಆಗ್ತತಿ" ಎಂದುಬಿಟ್ಟ ಸಲಾವುದ್ದೀನ್. ನೋಡಿಲ್ಲ, ಮುಟ್ಟಿಲ್ಲ, ಆಗುತ್ತದಂತೆ. ನಿಜ ಹೇಳಬೇಕೆಂದರೆ ಅವನಿಗೆ ಕಾರು ಓಡುವುದಕ್ಕಿಂತ ಹೆಚ್ಚಾಗಿ ಅದರ ಬಲಗಡೆಯ ಮುಂದಿನ ಚಕ್ರದ ಒಳಗೆ ಏನಿದೆ ಎಂದು ನೋಡಬೇಕಿತ್ತು. ಆ ಆಸೆ ಮೂವತ್ತೆಂಟು ವರ್ಷದ್ದು.

ಎಂಬತ್ತೇಳರಲ್ಲಿ ಸಾಹುಕಾರರು ಕೆಂಚನಗುಡ್ಡದಿಂದ ಒಬ್ಬರೇ ಬರುತ್ತಿದ್ದಾಗ ಆ ಚಕ್ರ ಇದ್ದಕ್ಕಿದ್ದಂತೆ ಒಳಗೆ ಮಡಚಿಕೊಂಡಿತು. ಕಾರು ಕಾಲುವೆಯ ಏರಿಗೆ ಬಡಿದು ನಿಂತಿತು. ಸಾಹುಕಾರರ ಕಾಲು ಎರಡು ಕಡೆ ಮುರಿಯಿತು. ಇವತ್ತಿಗೂ ಅವರು ಕೋಲು ಹಿಡಿದೇ ನಡೆಯುವುದು. ಸುದ್ದಿ ತಿಳಿದು ಓಡಿ ಹೋದ ಕರೀಮಸಾಬ್ ಕಾರಿನಡಿ ಅಂಗಾತ ಮಲಗಿ ನೋಡಿದ. ಎದ್ದು ಬಂದು, ಮೈಗೆ ಮೆತ್ತಿದ ಕೆಸರನ್ನೂ ಒರೆಸಿಕೊಳ್ಳದೆ, ನೆರೆದ ಜನದೆದುರು, "ತಪ್ಪು ನಂದು. ಎಣ್ಣಿ ಹಾಕೋದು ಮರ್ತಿದ್ದೆ" ಎಂದ. ಅಷ್ಟೇ. ಅವತ್ತಿನಿಂದ ಅವನು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಸಂಸಾರ ಕಟ್ಟಿಕೊಂಡು ಬಳ್ಳಾರಿಗೆ ಬಂದು, ಸಾಯುವ ತನಕ ಸ್ಟೋವು, ಕೊಡೆ, ಬೀಗ ರಿಪೇರಿ ಮಾಡಿಕೊಂಡಿದ್ದ. ಅಂಥ ಮೇಸ್ತ್ರಿ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಾ ಕೂತಿರುತ್ತಿದ್ದ. ಸಿರುಗುಪ್ಪದವರಿಗೆ ಮಾತ್ರ ಅವನು ಕೊನೆಯವರೆಗೂ ಎಣ್ಣೆ ಮರೆತ ಕರೀಮಸಾಬ್.

ಇದು ಸಲಾವುದ್ದೀನನಿಗೆ ನುಂಗಲಾರದ ತುತ್ತು. ಅಪ್ಪ ನಮಾಜು ತಪ್ಪಿಸಿದ್ದನ್ನು ನೋಡಿದ್ದ, ಊಟ ತಪ್ಪಿಸಿದ್ದನ್ನು ನೋಡಿದ್ದ, ಆ ಕಾರಿನ ಕೆಲಸ ತಪ್ಪಿಸಿದ್ದನ್ನು ನೋಡಿರಲಿಲ್ಲ. ಕಬ್ಬಿಣದಲ್ಲೇ ಹಳೆಯ ಬಿರುಕು ಇದ್ದಿರಬೇಕು, ದೊರೆಯ ಕೈಯಲ್ಲಿದ್ದಾಗ ಯಾವುದೋ ಗುಂಡಿಗೆ ಬಿದ್ದು ಆದದ್ದಿರಬೇಕು ಎಂದು ಅವನ ನಂಬಿಕೆ. ಸಾಹುಕಾರರು ಕಣ್ಣು ಮುಚ್ಚುವುದರೊಳಗೆ ಆ ಬಿರುಕನ್ನು ಅವರಿಗೆ ತೋರಿಸಬೇಕು, ನಮ್ಮಪ್ಪ ಮರೆತಿರಲಿಲ್ಲ ಎಂದು ಹೇಳಬೇಕು. ಅದಕ್ಕೇ ಕಾರನ್ನು ಲಾರಿಯ ಮೇಲೆ ಹಾಕಿಸಿಕೊಂಡು ಬಳ್ಳಾರಿಗೆ ತಂದ.

ಬಿರುಕು ಹುಡುಕುವುದು ಅಷ್ಟು ಸಲೀಸಾಗಿರಲಿಲ್ಲ. ಈ ಕಾರಿನಲ್ಲಿ ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವುದು ಮೊಳಕೈಯುದ್ದದ ಒಂದು ಉಕ್ಕಿನ ಕಂಬ. ಅದರ ಬುಡಕ್ಕೆ ತಿರುಪು. ಆ ತಿರುಪು ಒಂದು ಕಂಚಿನ ಬಟ್ಟಲೊಳಗೆ ಕೂತು, ಚಕ್ರ ತಿರುಗಿದಾಗ ತಾನೂ ತಿರುಗುತ್ತದೆ. ಮುರಿದದ್ದು ಸರಿಯಾಗಿ ಬಟ್ಟಲಿನ ಬಾಯಲ್ಲಿ. ಕಾಣುವ ಭಾಗವೆಲ್ಲ ತುಕ್ಕು, ಉಳಿದ ಮೋಟು ಬಟ್ಟಲೊಳಗೆ ಕಚ್ಚಿಕೊಂಡು ಕೂತಿದೆ. ಸಲಾವುದ್ದೀನ್ ಅದನ್ನು ಡೀಸೆಲ್ಲಿನಲ್ಲಿ ನೆನೆಹಾಕಿ, ಹೊಸದೊಂದನ್ನು ಹುಡುಕಲು ಹೊರಟ.

ಉಳಿದದ್ದೆಲ್ಲ ಹೇಗೋ ಆಯಿತು. ಕ್ಲಚ್ ಪ್ಲೇಟಿಗೆ ಬಳ್ಳಾರಿಯಲ್ಲೇ ಹೊಸ ಲೈನಿಂಗ್ ಹೊಡೆಸಿದ, ಪೆಟ್ರೋಲ್ ಟ್ಯಾಂಕನ್ನು ಕೊಯ್ದು ತೊಳೆದು ಬೆಸುಗೆ ಹಾಕಿಸಿದ, ವೈರನ್ನೆಲ್ಲ ಇಲಿ ತಿಂದಿದ್ದರಿಂದ ಹೊಸದಾಗಿ ಎಳೆದ. ಆ ಕಂಬ ಮಾತ್ರ ಕೈಕೊಟ್ಟಿತು. ಹಳೆಗಾಡಿಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅರ್ಧ ಜನ ಕಾರಿನ ಫೋಟೋ ಕಳಿಸಿ ಅಂದರು, ಇನ್ನರ್ಧ ಜನ ಮಾರ್ತೀರಾ ಅಂದರು. ಚೆನ್ನೈನವನೊಬ್ಬ ಕೊನೆಗೂ ಕಳಿಸಿದ. ಬಿಚ್ಚಿ ನೋಡಿದರೆ ಎಡಗಡೆಯದು. ಎರಡೂ ನೋಡಲು ಅವಳಿ ಜವಳಿ, ತಿರುಪು ಮಾತ್ರ ಉಲ್ಟಾ. ಎಡಗಡೆಯದು ಬಲಗಡೆಗೆ ಜಪ್ಪಯ್ಯ ಎಂದರೂ ಕೂರುವುದಿಲ್ಲ.

ಆಗ ಗುಜರಿ ವ್ಯಾಪಾರದ ಓಬಳೇಶ ಹೇಳಿದ: "ಕುರುಗೋಡಿನಾಗ ಒಂದು ಹೆರಾಲ್ಡ್ ಕಾರು ಬೇವಿನ ಗಿಡದ ಕೆಳಗ ನಿಂತೈತಿ ನೋಡು. ನಾ ಮೂರ್ ಸಲ ಹೋಗಿ ಕೇಳೀನಿ. ಮುದುಕಿ ಬಾಗಲಾಗ ಸೇರಸವಲ್ಲಳು."

ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಹೆರಾಲ್ಡ್ ಎಂದರೆ ಬೋಳುಕಾರಿಗೆ ಖಾಸಾ ದೊಡ್ಡಪ್ಪನ ಮಗ, ಮುಂದಿನ ಕಾಲುಗಳು ಇಬ್ಬರದೂ ಒಂದೇ. ಸಲಾವುದ್ದೀನ್ ಮಾರನೆಯ ಬೆಳಿಗ್ಗೆಯೇ ಕುರುಗೋಡಿನ ಬಸ್ಸು ಹತ್ತಿದ. ಅಲ್ಲಿ ಹೊನ್ನೂರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು.

"ಗುಜರಿಯಂವ ಏನಪಾ ನೀನು?"

"ಅಲ್ಲಬೇ, ಮೇಸ್ತ್ರಿ."

"ಹಂಗಾರ ಕುಂದ್ರು" ಎಂದು ಚಾಪೆ ತೋರಿಸಿದಳು. ಅವಳ ಗಂಡ ಗವಿಸಿದ್ದಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು, ಸುತ್ತಿನ ಹಳ್ಳಿಗಳಿಗೆ ಇದೇ ಕಾರಿನಲ್ಲಿ ಔಷಧ ಒಯ್ಯುತ್ತಿದ್ದವನು. "ನನಗ ಸೀರಿ ತರೋದು ಮರೀತಿದ್ರು, ಸಂತಿ ಮರೀತಿದ್ರು. ಇದರ ಗಾಲಿಗೆ ಎಣ್ಣಿ ಬಿಡೋದು ಮಾತ್ರ ಒಂದು ಅಮಾಸಿ ತಪ್ಪಿಸಲಿಲ್ಲ ನೋಡು. ಸವತಿ ಇದ್ದಂಗ ಇತ್ತು ನನಗಿದು" ಎಂದು ಹೇಳುವಾಗ ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಸಲಾವುದ್ದೀನ್ ತನ್ನ ಅಪ್ಪನ ಕತೆ ಹೇಳಿದ. ಅವಳು ಮೆಣಸಿನಕಾಯಿ ಹರವುವುದು ನಿಲ್ಲಿಸಿ ಕೇಳಿದಳು.

"ಬಿಚ್ಚಿಕೋ. ಆದ್ರ ಗಾಡಿ ಕುಂಟಬಾರದು. ಸೊಟ್ಟಗ ನಿಂತ್ರ ನಮ್ಮನಿಯವರು ಕನಸಿನಾಗ ಬಂದು ನನ್ನ ಬೈತಾರ."

ಬಲಗಡೆಯ ಕಂಬ, ಬಟ್ಟಲು ಎರಡನ್ನೂ ಬಿಚ್ಚಿಕೊಂಡ ಮೇಲೆ ಸಲಾವುದ್ದೀನ್ ಎರಡು ಗಂಟೆ ಹೊತ್ತು ಕಲ್ಲು ಹುಡುಕಿ, ಕೂರಿಸಿ, ದಾರ ಹಿಡಿದು ನೋಡಿ, ಕಾರನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ನಿಲ್ಲಿಸಿದ. ಕೋಳಿ ಎದ್ದೇಳಲೂ ಇಲ್ಲ.

ಗ್ಯಾರೇಜಿಗೆ ಬಂದವನೇ ಹೊನ್ನೂರಮ್ಮನ ಬಟ್ಟಲನ್ನು ತಿರುಗಿಸಿದ. ಕೈಯಲ್ಲೇ ಬಿಚ್ಚಿಕೊಂಡಿತು. ಒಳಗಿಂದ ಕಪ್ಪು ಎಣ್ಣೆ ಇಳಿಯಿತು, ಅದರ ಕೆಳಗೆ ತಿರುಪು ಹೊಸ ನಾಣ್ಯದ ಹಾಗೆ ಫಳಫಳ ಎನ್ನುತ್ತಿತ್ತು. ಅದೇ ಉಮೇದಿನಲ್ಲಿ ಡೀಸೆಲ್ಲಿನಿಂದ ಬೋಳುಕಾರಿನ ಬಟ್ಟಲನ್ನು ತೆಗೆದು, ಗ್ಯಾಸಿನ ಉರಿಯಲ್ಲಿ ಕಾಯಿಸಿ, ಮೋಟನ್ನು ಹಿಡಿದು ತಿರುಗಿಸಿದ. ಕಿರ್ರೆಂದು ಕಳಚಿತು.

ಹಳೆಯ ಬಿರುಕು ಇರಲಿಲ್ಲ. ಒಳಗೆ ಗ್ರೀಸು ಇತ್ತು. ಒಣಗಿ ಸೋಪಿನಂತೆ ಗಟ್ಟಿಯಾದ ಗ್ರೀಸು, ಎಣ್ಣೆ ಇಳಿಯುವ ದಾರಿಯನ್ನೇ ಮುಚ್ಚಿ ಕೂತಿತ್ತು. ಅದರ ಕೆಳಗೆ ತುಕ್ಕು ತಿಂದ ತಿರುಪು. ಅಪ್ಪ ಮೇಲಿಂದ ಎಷ್ಟು ಎಣ್ಣೆ ಬಿಟ್ಟಿದ್ದರೂ ಬುಡ ಮುಟ್ಟುವ ಹಾಗಿರಲಿಲ್ಲ. ಸಲಾವುದ್ದೀನ್ ಉಗುರಿನಿಂದ ಗ್ರೀಸನ್ನು ಕೆರೆದ. ಅದರ ತುಂಬ ಅಕ್ಕಿಯ ತೌಡು.

ತೌಡು ಬೆರೆತ ಗ್ರೀಸು ಲೋಕದಲ್ಲಿ ಇದ್ದದ್ದು ಒಂದೇ ಕಡೆ, ಗಿರಣಿಯ ಡಬ್ಬಿಯಲ್ಲಿ. ಆಯುಧ ಪೂಜೆಯ ಹಿಂದಿನ ದಿನ ಗಿರಣಿ ನಿಲ್ಲಿಸಿ, ಬೆಲ್ಟು ಒರೆಸಿ, ಪ್ರತಿ ಯಂತ್ರದ ಪ್ರತಿ ಮೊಲೆಗೂ, ಅಂದರೆ ಪಂಪು ಕಚ್ಚಿಸುವ ಪುಟ್ಟ ತೂತಿನ ಮೂತಿಗೂ, ಹೊಸ ಗ್ರೀಸು ತುಂಬುವುದು ವಾಡಿಕೆ. ವರ್ಷಕ್ಕೊಮ್ಮೆ ಯಂತ್ರಗಳಿಗೂ ಹಬ್ಬದೂಟ ಎಂದು ಹಮಾಲರು ನಗುತ್ತಿದ್ದರು. ಎಂಬತ್ತೈದು, ಎಂಬತ್ತಾರರ ದಸರಾಕ್ಕೆ ಗ್ರೀಸಿನ ಪಂಪು ಕೊಟ್ಟದ್ದು ಮೇಸ್ತ್ರಿಯ ಮಗನ ಕೈಗೆ. ಎಲ್ಲ ಯಂತ್ರಗಳೂ ಉಂಡವು, ಬೋಳುಕಾರು ಮಾತ್ರ ಹಬ್ಬದ ದಿನ ಉಪವಾಸವೇ ಎಂದು ಆ ಹುಡುಗನಿಗೆ ಮರುಕ ಬಂತು. ಅಪ್ಪ ಆಚೆ ಹೋಗಿದ್ದ. ಚಕ್ರದ ಹಿಂದೆ ಅದೇ ಥರದ ಮೊಲೆ ಕಂಡಿತು, ಪಂಪು ಸರಿಯಾಗಿ ಕಚ್ಚಿತು, ಹೊರಗೆ ಉಕ್ಕುವವರೆಗೆ ಒತ್ತಿದ. ಎಡಗಡೆಗೆ ಹೋಗುವುದರೊಳಗೆ ಗ್ರೀಸು ಮುಗಿದಿತ್ತು. ಮರುವರ್ಷವೂ ಬಲಗಡೆಯಿಂದಲೇ ಶುರು ಮಾಡಿದ. ಅಲ್ಲಿಗೆ ಎಣ್ಣೆಯೇ ಆಗಬೇಕು, ಗ್ರೀಸು ಆಗದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆ ಕೆಲಸವನ್ನು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ.

ಅಂದರೆ ಅವತ್ತು ಏರಿಯ ಮೇಲೆ ಕಾರಿನಡಿ ಮಲಗಿದ ಅಪ್ಪ, ಆಗಷ್ಟೇ ಮುರಿದ ಬಾಯಲ್ಲಿ ಹಸಿಯಾಗಿ ಮೆತ್ತಿದ್ದ ಈ ತೌಡನ್ನು ನೋಡಿದ್ದ. ನೋಡಿಯೇ ಎದ್ದು ಬಂದು ಆ ಮಾತು ಹೇಳಿದ್ದ.

ಹೆಂಡತಿ ಮೌಲಾಬಿ ಚಹಾ ತಂದಾಗ ಸಲಾವುದ್ದೀನ್ ಬಟ್ಟಲನ್ನು ಮುಂದಿಟ್ಟುಕೊಂಡು ಕಲ್ಲಾಗಿ ಕೂತಿದ್ದ. ಪಕ್ಕದಲ್ಲೇ ಸೀಮೆಎಣ್ಣೆಯ ಬೋಗುಣಿ ಇತ್ತು. ಅದ್ದಿ ತೊಳೆದರೆ ಮುಗಿಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಸುಳ್ಳೇಕೆ, ಅವನ ಕೈ ಎರಡು ಸಲ ಆ ಕಡೆ ಹೋಗಿತ್ತು. ಅವನು ಹೇಳಿದ್ದನ್ನು ಮೌಲಾಬಿ ಎಲ್ಲ ಕೇಳಿಸಿಕೊಂಡಳು.

"ನಿಮ್ಮಪ್ಪ ಮುಚ್ಚಿಟ್ಟಿದ್ದನ್ನ ನೀವ್ಯಾಕ ಬಿಚ್ಚಾಕ ಹೋಗ್ತೀರಿ?"

"ನಾ ಹುಡುಗ ಅದೀನಿ ಅಂತ ಮುಚ್ಚಿದ. ಈಗೂ ಹುಡುಗೇನು ನಾನು?"

ಅವಳು ಬೋಗುಣಿಯನ್ನು ಎತ್ತಿ ಆಚೆ ಇಟ್ಟಳು.

ಫೆಬ್ರವರಿಯ ಒಂದು ಬೆಳಿಗ್ಗೆ ಬೋಳುಕಾರು ತನ್ನ ಕಾಲ ಮೇಲೆ ತಾನೇ ಓಡಿಕೊಂಡು ಸಿರುಗುಪ್ಪದ ಗಿರಣಿಯ ಅಂಗಳಕ್ಕೆ ಬಂತು. ದಾರಿಯಲ್ಲಿ ಬೈಕಿನವರು ಸುತ್ತುಗಟ್ಟಿ ಫೋನು ಹಿಡಿದರು, ಒಬ್ಬ ಮುದುಕ ಹೊಲದಿಂದಲೇ ಟವೆಲು ಬೀಸಿದ. ಬೇರೆ ದಿನವಾಗಿದ್ದರೆ ಸಲಾವುದ್ದೀನ್ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಅವತ್ತು ಅವನು ಯಾರ ಕಡೆಯೂ ತಿರುಗಿ ನೋಡಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಸಾಹುಕಾರರು ಕಾರಿನ ಮೂಗನ್ನು ಸವರಿ, ಕಣ್ಣು ಒರೆಸಿಕೊಂಡು, ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಅವನು ಪೇಪರಿನಲ್ಲಿ ಸುತ್ತಿದ್ದ ಬಟ್ಟಲನ್ನು ಅವರ ತೊಡೆಯ ಮೇಲಿಟ್ಟ.

"ಸಾವ್ಕಾರ್ರೇ, ನಮ್ಮಪ್ಪ ಎಣ್ಣಿ ಮರ್ತಿರಲಿಲ್ಲರಿ. ಗಿರಣಿ ಗ್ರೀಸು ತುಂಬಿದಂವ ನಾನು. ಎರಡು ದಸರಾ ತುಂಬಿದ್ದೆ. ನಿಮ್ಮ ಕಾಲು ಮುರಿದದ್ದು ನನ್ನಿಂದ."

ಸಾಹುಕಾರರು ಬಟ್ಟಲನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ಚೂರು ತೆಗೆದು ಬೆರಳಿನಲ್ಲಿ ಉಜ್ಜಿದರು. ಅರವತ್ತು ವರ್ಷ ಗಿರಣಿಯ ಗಾಳಿ ಕುಡಿದವರಿಗೆ ತೌಡು ಏನೆಂದು ಹೇಳಿಕೊಡಬೇಕೇ. ಸೌಂದರ್ಯ ಏನೋ ಹೇಳಲು ಬಂದರೆ ಕೈ ಎತ್ತಿ ತಡೆದರು. ಆಮೇಲೆ ಕೋಲೂರಿ ಎದ್ದು, ಚೀಲ ಹೊರುತ್ತಿದ್ದ ಹಳೆಯ ಹಮಾಲ ಹುಲುಗೇಶನನ್ನು ಕೂಗಿದರು. ಅವನ ಹಿಂದೆ ಉಳಿದವರೂ ಬಂದು ನಿಂತರು.

"ಹುಲುಗೇಶಾ, ಕರೀಮಸಾಬ್ ಎಣ್ಣಿ ಮರ್ತಿರಲಿಲ್ಲ. ಊರಾಗ ಯಾರ್ ಯಾರು ಆ ಮಾತು ಆಡ್ಯಾರ ಅವರಿಗೆಲ್ಲಾ ಹೇಳು. ನಾನೂ ಆಡೀನಿ."

ಹುಲುಗೇಶ ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದು, "ಹೇಳ್ತೀನ್ರಿ" ಎಂದ. ಹಾಗಾದರೆ ತಪ್ಪು ಯಾರದು ಎಂದು ಅವರು ಹೇಳಲೂ ಇಲ್ಲ, ಅವನು ಕೇಳಲೂ ಇಲ್ಲ. ಹಮಾಲರು ಚೀಲಗಳ ಕಡೆ ಹೋದ ಮೇಲೆ ಸಾಹುಕಾರರು ಮತ್ತೆ ಕೂತರು.

"ಮೂರನೇ ದಿನ ಆಸ್ಪತ್ರಿಗೆ ಬಂದಿದ್ದ ನಿಮ್ಮಪ್ಪ. ನಾ ಗ್ವಾಡಿ ಕಡೆ ಮುಖ ತಿರುವಿಕೊಂಡು ಮಲಗಿದೆ. ಮಾತಾಡಿಸಲಿಲ್ಲ. ಕಾಟಿನ ಹತ್ರ ನಿಂತು ಒಂದೇ ಮಾತು ಹೇಳಿ ಹೋದ. ನೀ ಕೆಲಸ ಕಲ್ತ ಬಳ್ಳಾರಿ ಗ್ಯಾರೇಜಿನವರಿಗೆ ನಿನ್ನ ಸೇರಿಸಿಕೊಳ್ರಿ ಅಂತ ಚೀಟಿ ಬರದು ಕಳಿಸಿದ್ದು ನಾನು. ಅವನ ಆ ಮಾತಿಗೇ ಬರೆದೆ."

ಸಲಾವುದ್ದೀನನಿಗೆ ಇದು ಗೊತ್ತಿರಲಿಲ್ಲ. "ನಮ್ಮಪ್ಪ ಏನಂದಿದ್ದರಿ?"

"ನನ್ನ ಹುಡುಗನ ಕೈ ಭಾಳ ಚಲೋ ಐತಿ ಸಾವ್ಕಾರ್ರೇ, ನನಗಿಂತ ಚಲೋ ಐತಿ, ಅದನ್ನ ಗಾಡಿ ಕೆಲಸದಿಂದ ಬಿಡಿಸಬ್ಯಾಡ್ರಿ ಅಂದ."

ಕಾರಿನಡಿ ಮಲಗಿ ಎಲ್ಲವನ್ನೂ ಕಣ್ಣಾರೆ ಕಂಡು ಬಂದ ಮೂರನೆಯ ದಿನ ಆಡಿದ ಮಾತು ಅದು. ಸಲಾವುದ್ದೀನ್ ಅಲ್ಲೇ ಬಲಗಡೆಯ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಹಮಾಲರೆಲ್ಲ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಅತ್ತ.